ಕೋಣದ ಮೆಲುಕು, ಕಂಬಳದ ವೇಳಾಪಟ್ಟಿ

ಓಟ ಮುಗಿಸಿ ಗದ್ದೆಯ ಕೊನೆಯ ಮಂಜೊಟ್ಟಿಯ ಏರು ಹತ್ತಿ ನಿಂತ ಕೋಣಗಳ ಜತೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಪಕ್ಕೆ ಒಂದೇ ಸಮನೆ ಏರಿಳಿಯುತ್ತಿರುತ್ತದೆ, ಮೂಗಿನ ಹೊಳ್ಳೆ ಅರಳಿರುತ್ತದೆ, ಬಾಯಂಚಿನಲ್ಲಿ ನೊರೆ. ಕೊಡ ಹಿಡಿದು ಕಾದವರು ಬೆನ್ನಿಗೆ, ಹೊಟ್ಟೆಗೆ, ಕಾಲಿಗೆ ನೀರು ಹೊಯ್ಯುತ್ತಾರೆ. ಇದು ಬರೀ ಉಪಚಾರವಲ್ಲ. ಕೋಣದ ಚರ್ಮದಲ್ಲಿ ಬೆವರುಗ್ರಂಥಿಗಳು ದನಕ್ಕಿಂತ ಬಹಳ ಕಡಿಮೆ. ಕಪ್ಪು ಮೈ ಬಿಸಿಲನ್ನು ಹೀರುತ್ತದೆ, ವಿರಳವಾದ ರೋಮ ಅದನ್ನು ತಡೆಯುವುದಿಲ್ಲ. ಒಳಗೆ ಹುಟ್ಟಿದ ಬಿಸಿ ಹೊರಹೋಗಲು ನೀರೋ ಕೆಸರೋ ಬೇಕೇ ಬೇಕು.

ಕಂಬಳದ ಋತು ಎಷ್ಟು ಉದ್ದವಿರಬೇಕು, ಯಾವ ಶನಿವಾರ ಯಾವ ಊರಿಗೆ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಮೈ. ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದ ಮೇಲೆ ನವೆಂಬರಿನಲ್ಲಿ ಶುರುವಾದರೆ ಏಪ್ರಿಲ್‌ವರೆಗೆ ಇಪ್ಪತ್ತಕ್ಕೂ ಹೆಚ್ಚು ಕಂಬಳಗಳು. ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ, ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ, ಬೆಳ್ತಂಗಡಿ ತಾಲೂಕಿನ ವೇಣೂರು ಪೆರ್ಮುಡದಲ್ಲಿ ಸೂರ್ಯ-ಚಂದ್ರ, ಹೀಗೆ ಅಕ್ಕಪಕ್ಕದ ಎರಡು ಓಟದ ಕರೆಗಳಿಗೆ ಜೋಡಿ ಹೆಸರು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕಂಬಳಕ್ಕೆ ಅವಕಾಶ ಕೊಟ್ಟ ಕಾನೂನನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನವೂ ಪಟ್ಟಿಗೆ ಸೇರಿತು.

ಫುಟ್‌ಬಾಲ್ ಲೀಗಿನ ಲೆಕ್ಕ ಬೇರೆ. ಇಂಡಿಯನ್ ಸೂಪರ್ ಲೀಗ್‌ನ 2023-24ರ ಋತುವಿನಲ್ಲಿ 12 ತಂಡಗಳಿದ್ದವು. ಪ್ರತಿ ತಂಡ ಉಳಿದ ಹನ್ನೊಂದರ ಜೊತೆ ತನ್ನೂರಿನಲ್ಲೊಮ್ಮೆ, ಅವರೂರಿನಲ್ಲೊಮ್ಮೆ ಆಡಿ, ಲೀಗ್ ಹಂತದಲ್ಲಿ ಒಟ್ಟು 132 ಪಂದ್ಯ. ದಣಿದವನನ್ನು ಕೂರಿಸಿ ಬದಲಿ ಆಟಗಾರನನ್ನು ಇಳಿಸಬಹುದು. ಕಂಬಳದಲ್ಲಿ ಹೊಂದಿಕೊಂಡ ಜತೆಗೆ ಬದಲಿ ಎಂಬುದಿಲ್ಲ. ಮೇಲಾಗಿ ಸೋತವರು ಹೊರಬೀಳುವ ಪಂದ್ಯದಲ್ಲಿ ಹೆಚ್ಚು ಓಡಬೇಕಾದ್ದು ಗೆಲ್ಲುವ ಜತೆಯೇ. ನೇಗಿಲು ಕಿರಿಯ ವಿಭಾಗದಲ್ಲಿ 64 ಜತೆ ಬಂದರೆ ಅರ್ಧಕ್ಕೆ ಒಂದೇ ಓಟ, ಪ್ರಥಮ ಬಂದದ್ದಕ್ಕೆ ಆರು.

ಇನ್ನೊಂದು ಲೆಕ್ಕ ಹಾಕಿ ನೋಡೋಣ. ಕನೆಹಲಗೆ, ಅಡ್ಡಹಲಗೆ, ಹಗ್ಗ ಮತ್ತು ನೇಗಿಲಿನ ಹಿರಿಯ-ಕಿರಿಯ, ಒಟ್ಟು ಆರು ವಿಭಾಗ. ಕನೆಹಲಗೆಯ ತೀರ್ಪು ಚಿಮ್ಮಿದ ನೀರಿನ ಎತ್ತರಕ್ಕೆ. ಆದರೂ ಲೆಕ್ಕದ ಸುಲಭಕ್ಕೆ ಎಲ್ಲವನ್ನೂ ಒಂದೇ ಬಗೆಯೆಂದು ಹಿಡಿಯಿರಿ. 150 ಜತೆ ಬಂದರೆ, ಓಟಕ್ಕೊಂದು ಜತೆ ಹೊರಬಿದ್ದು ಕೊನೆಗೆ ವಿಭಾಗಕ್ಕೊಂದು ಉಳಿಯಲು 144 ಓಟ. ಓಟ ಹದಿನೈದು ಸೆಕೆಂಡಿನೊಳಗೆ ಮುಗಿಯುವಂಥದ್ದು. ಆದರೆ ಓಟ ಶುರುವಾಗುವ ಗಂತಿನಲ್ಲಿ ಎರಡೂ ಜತೆಗಳನ್ನು ನೇರ ನಿಲ್ಲಿಸಿ ಬಿಡುವಷ್ಟರಲ್ಲಿ ಹತ್ತು ನಿಮಿಷ ಹೋದರೆ ಸರಿಯಾಗಿ 24 ಗಂಟೆ. ಆರೇ ನಿಮಿಷದಲ್ಲಿ ಬಿಟ್ಟರೆ ಹದಿನಾಲ್ಕೂವರೆ ಗಂಟೆಯೊಳಗೆ ಮುಗಿಯುತ್ತದೆ. ಇಡೀ ಋತುವಿನ ನ್ಯಾಯ ಈ ನಾಲ್ಕು ನಿಮಿಷದಲ್ಲಿದೆ ಎಂದೇ ನಾನು ನಂಬಿದ್ದೇನೆ.

ಯಾಕೆಂದರೆ ಹಾಗೆ ಉಳಿಯುವ ಸುಮಾರು ಹತ್ತು ಗಂಟೆ ಕೋಣದ ಮೆಲುಕಿನ ಹೊತ್ತು. ದಿನಕ್ಕೆ ಏಳೆಂಟು ಗಂಟೆ ಅದು ಮೆಲುಕು ಹಾಕಬೇಕು, ಅದರಲ್ಲೂ ಹೆಚ್ಚಿನದು ರಾತ್ರಿ, ನಿಶ್ಚಿಂತೆಯಿಂದ ಮಲಗಿರುವಾಗ. ಓಟಕ್ಕೆ ಸ್ನಾಯು ಸುಡುವುದು ತನ್ನೊಳಗೆ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು. ನಾವು ಒಂದು ತಟ್ಟೆ ಅನ್ನ ಉಂಡರೆ ಸಕ್ಕರೆ ನೇರ ರಕ್ತಕ್ಕೆ ಬರುತ್ತದೆ. ಕೋಣಕ್ಕೆ ಹಾಗಾಗದು. ಬೇಯಿಸಿದ ಹುರುಳಿ ತಿನ್ನಿಸಿದರೂ ಬಹುಪಾಲನ್ನು ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಹುದುಗಿಸಿ ಆಮ್ಲಗಳಾಗಿ ಮಾಡುತ್ತವೆ. ಅವುಗಳಲ್ಲೊಂದಾದ ಪ್ರೊಪಿಯೋನಿಕ್ ಆಮ್ಲದಿಂದ ಯಕೃತ್ತು ಸಕ್ಕರೆ ತಯಾರಿಸಬೇಕು. ಬರಿದಾದ ದಾಸ್ತಾನು ತುಂಬಲು ಕುದುರೆಗೇ ಎರಡು ಮೂರು ದಿನ ಬೇಕು. ಮೆಲುಕು ಹಾಕುವ ಪ್ರಾಣಿಗೆ ಅದಕ್ಕಿಂತ ಹೆಚ್ಚು. ಶನಿವಾರ ಓಡಿ, ರಾತ್ರಿಯಿಡೀ ಧ್ವನಿವರ್ಧಕದ ಕೆಳಗೆ ನಿಂತು, ಭಾನುವಾರ ಲಾರಿಯಲ್ಲಿ ಮನೆಗೆ ಬಂದ ಕೋಣಕ್ಕೆ ಮುಂದಿನ ಶುಕ್ರವಾರ ಮತ್ತೆ ಹೊರಡುವುದೆಂದರೆ ಸಿಗುವುದು ನಾಲ್ಕೇ ಪೂರ್ಣ ದಿನ.

ಆದ್ದರಿಂದ ಜಿಲ್ಲಾ ಕಂಬಳ ಸಮಿತಿ ಪಟ್ಟಿ ಮಾಡುವಾಗ ಶನಿವಾರಗಳನ್ನು ಊರುಗಳಿಗೆ ಹಂಚಿದರೆ ಸಾಲದು, ಕೋಣಗಳ ಓಟವನ್ನೂ ಎಣಿಸಬೇಕು. ಸತತ ಎರಡು ವಾರ ಫೈನಲ್‌ವರೆಗೆ ಓಡಿದ ಜತೆಗೆ ಮೂರನೆಯ ವಾರ ಕಡ್ಡಾಯ ಬಿಡುವು. ಒಂದು ಓಟಕ್ಕೂ ಮುಂದಿನದಕ್ಕೂ ನಡುವೆ ಇಷ್ಟು ಹೊತ್ತು ಎಂಬ ನಿಯಮ. ಬಿಡುವಿನಲ್ಲಿದ್ದ ಜತೆಯ ಯಜಮಾನರಿಗೆ ಋತುವಿನ ಅಂಕದಲ್ಲಿ ನಷ್ಟವಾಗದಂತೆ, ಅತ್ಯುತ್ತಮ ಹತ್ತು ಕಂಬಳಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಬಹುದು. ಅಂತಿಮ ಗೆರೆಯ ಸೆಕೆಂಡಿನ ಭಾಗವನ್ನು ಅಳೆಯಲು ಲೇಸರ್ ತಂದಿರುವ ಕ್ರೀಡೆಗೆ ಇದೇನೂ ಕಷ್ಟದ ಲೆಕ್ಕವಲ್ಲ.

ಋತುವಿನ ಕೊನೆಗೆ, ತುಳುನಾಡಿನ ಉತ್ಸವಗಳ ಕಾಲ ಮುಗಿಸುವ ದಿನವಾದ ಪತ್ತನಾಜೆ ಹೇಗೂ ಗೆರೆ ಎಳೆದಿದೆ. ಆದರೆ ನಮ್ಮ ಕರಾವಳಿಯ ಸೆಕೆ ಅಷ್ಟರವರೆಗೆ ಕಾಯುವುದಿಲ್ಲ. ಗಾಳಿಯಲ್ಲಿ ತೇವ ತುಂಬಿರುವಾಗ ಮೈಮೇಲೆ ಹೊಯ್ದ ನೀರೂ ಬೇಗ ಆರದು. ದೂರದ ಕಂಬಳಗಳು ಡಿಸೆಂಬರ್, ಜನವರಿಯ ಚಳಿಯಲ್ಲಿ ಮುಗಿದುಬಿಡಲಿ. ಮಾರ್ಚ್ ಬಂದಾಗ ಮೂಡುಬಿದಿರೆ, ಹೊಕ್ಕಾಡಿಗೋಳಿ, ವೇಣೂರಿನಂಥ ಒಂದಕ್ಕೊಂದು ಹತ್ತಿರದ ಕರೆಗಳು ಉಳಿದಿದ್ದರೆ, ಈ ಭಾಗದ ಕೋಣಗಳು ಲಾರಿಯಲ್ಲಿ ನಿಲ್ಲುವ ಹೊತ್ತು ಕಡಿಮೆಯಾಗಿ, ಭಾನುವಾರ ಬೆಳಗ್ಗೆಯೇ ಹಟ್ಟಿ ಸೇರಿ ಮಲಗಬಹುದು.