ನಮ್ಮೂರಾಗ ಫ್ಯಾಕ್ಟರಿ ಇಲ್ಲ, ಓಝೋನ್ ಎಲ್ಲಿಂದ ಬಂತು?

 

ಇವತ್ತಿನ ವಿಷಯ ಸಿಕ್ಕಿದ್ದು ನರಗುಂದದಲ್ಲಿ, ನಮ್ಮ ಕಾಕಾನ ಹತ್ತಿ ಹೊಲದಲ್ಲಿ. ಮಧ್ಯಾಹ್ನ ಮೂರು ಗಂಟೆ, ರಣಬಿಸಿಲು. ಸುಮ್ನೆ ಮೊಬೈಲ್‌ನಲ್ಲಿ ಗಾಳಿ ಗುಣಮಟ್ಟದ ಆ್ಯಪ್ ತೆಗೆದೆ. ಮುಖ್ಯ ಮಾಲಿನ್ಯಕಾರಕ ಅನ್ನೋ ಜಾಗದಲ್ಲಿ ಓಝೋನ್ ಅಂತ ಬಂತು. ಕಾಕಾ ನಕ್ಕರು. "ತಮ್ಮಾ, ಇಲ್ಲಿ ಫ್ಯಾಕ್ಟರಿ ಇಲ್ಲ, ಹೊಗಿ ಇಲ್ಲ. ಗಜೇಂದ್ರಗಡದ ಗುಡ್ಡದ ಮ್ಯಾಲೆ ಫ್ಯಾನ್ ತಿರಗತಾವ, ಅಷ್ಟ. ಕೆಟ್ಟ ಗಾಳಿ ಎಲ್ಲಿಂದ ಬರತೈತಿ?" ಆ ಪ್ರಶ್ನೆಗೆ ಅಲ್ಲಿ ನಂಗೆ ಉತ್ತರ ಬರಲಿಲ್ಲ. ಈಗ ಕೊಡ್ತೀನಿ.

ಮೊದಲು ಒಂದು ಗೊಂದಲ ಬಿಡಿಸೋಣ. ಶಾಲೆಯಲ್ಲಿ ಓದಿದ ಓಝೋನ್ ಪದರ ನಮ್ಮ ತಲೆ ಮೇಲೆ ಸುಮಾರು 15ರಿಂದ 35 ಕಿ.ಮೀ. ಎತ್ತರದಲ್ಲಿದೆ. ಅದು ನಮ್ಮನ್ನ ಕಾಯುತ್ತೆ. ಅದೇ ಅನಿಲ ಮೂಗಿನ ಮಟ್ಟದಲ್ಲಿದ್ರೆ ವಿಷ. ಗಂಟಲು ಕೆರೆತ, ಕೆಮ್ಮು ಬರುತ್ತೆ, ಅಸ್ತಮಾ ಇರೋರಿಗೆ ಉಸಿರಾಟ ಕಷ್ಟ ಆಗುತ್ತೆ.

ಈ ಕೆಳಗಿನ ಓಝೋನ್ ಯಾವ ಚಿಮಣಿಯಿಂದಲೂ ನೇರವಾಗಿ ಬರಲ್ಲ. ಗಾಳಿಯಲ್ಲೇ ಅಡುಗೆ ಆಗುತ್ತೆ. ಲಾರಿ, ಬೈಕ್, ಜನರೇಟರ್‌ಗಳಿಂದ ನೈಟ್ರೋಜನ್ ಆಕ್ಸೈಡ್‌ಗಳು ಬರ್ತವೆ. ಬಿಸಿಲು ನೈಟ್ರೋಜನ್ ಡೈಆಕ್ಸೈಡನ್ನು ಒಡೆದಾಗ ಒಂದು ಆಮ್ಲಜನಕ ಪರಮಾಣು ಬಿಡುಗಡೆ ಆಗುತ್ತೆ. ಅದು ನಾವು ಉಸಿರಾಡೋ ಆಮ್ಲಜನಕದ ಅಣು ಜೊತೆ ಸೇರಿದ್ರೆ ಓಝೋನ್. ಆದರೆ ಉಳಿದ ನೈಟ್ರಿಕ್ ಆಕ್ಸೈಡ್ ಅದೇ ಓಝೋನನ್ನು ತಿಂದು ಮತ್ತೆ ಮೊದಲಿನಂತಾಗುತ್ತೆ. ಮಾಡಿದ್ದು, ತಿಂದಿದ್ದು ಸರಿಸಮ. ಹಾಗಾದರೆ ಓಝೋನ್ ಹೆಚ್ಚಾಗೋದು ಹೇಗೆ?

ಇಲ್ಲಿ ರ‍್ಯಾಡಿಕಲ್‌ಗಳು ಬರ್ತವೆ. ರ‍್ಯಾಡಿಕಲ್ ಅಂದ್ರೆ ಜೋಡಿ ಇಲ್ಲದ ಎಲೆಕ್ಟ್ರಾನ್ ಇರೋ ಕಣ. ಒಂದೇ ಎತ್ತು ಇರೋ ರೈತ ಬಿತ್ತನೆ ಟೈಮಲ್ಲಿ ಇನ್ನೊಂದು ಎತ್ತಿಗಾಗಿ ಊರೆಲ್ಲ ಓಡಾಡ್ತಾನಲ್ಲ, ಹಾಗೆ. ಇವುಗಳಲ್ಲಿ ಮುಖ್ಯವಾದದ್ದು ಹೈಡ್ರಾಕ್ಸಿಲ್. ಬಿಸಿಲು ಸ್ವಲ್ಪ ಓಝೋನನ್ನು ಒಡೆದಾಗ, ಅದರಿಂದ ಬಂದ ಆಮ್ಲಜನಕ ಪರಮಾಣು ನೀರಾವಿಗೆ ತಾಗಿ ಇದು ಹುಟ್ಟುತ್ತೆ. ಆಯುಷ್ಯ ಸಾಮಾನ್ಯವಾಗಿ ಒಂದು ಸೆಕೆಂಡೂ ಇಲ್ಲ. ಅಷ್ಟರಲ್ಲೇ ಪೆಟ್ರೋಲ್ ಆವಿ, ಹೊಗೆಯ ಕಾರ್ಬನ್ ಮೊನಾಕ್ಸೈಡ್, ಗಿಡಮರಗಳು ಬಿಡೋ ಐಸೊಪ್ರೀನ್, ಇವುಗಳಲ್ಲಿ ಸಿಕ್ಕಿದ್ದರ ಮೇಲೆ ಬೀಳುತ್ತೆ. ಆಗ ಪೆರಾಕ್ಸಿ ಅನ್ನೋ ಇನ್ನೊಂದು ಬಗೆಯ ರ‍್ಯಾಡಿಕಲ್ ಹುಟ್ಟಿ, ನೈಟ್ರಿಕ್ ಆಕ್ಸೈಡ್‌ಗೆ ತನ್ನ ಆಮ್ಲಜನಕ ಕೊಡುತ್ತೆ. ಈಗ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿನ್ನಬೇಕಾಗಿಲ್ಲ, ಹೊಟ್ಟೆ ತುಂಬಿದೆ. ತಿನ್ನೋರು ಕಮ್ಮಿ, ಮಾಡೋರು ಅಷ್ಟೇ. ಓಝೋನ್ ಸೇರ್ತಾ ಹೋಗುತ್ತೆ.

ಸರಿ, ಇದು ಹಳ್ಳಿಗೆ ಯಾಕೆ? ದೊಡ್ಡ ಸಿಟಿಯ ಟ್ರಾಫಿಕ್ಕಲ್ಲಿ ತಾಜಾ ನೈಟ್ರಿಕ್ ಆಕ್ಸೈಡ್ ತುಂಬಾ ಇರುತ್ತೆ, ಅದು ಓಝೋನನ್ನು ಅಲ್ಲೇ ತಿಂದುಬಿಡುತ್ತೆ. ಆ ಗಾಳಿ ಹೊರಗೆ ಸಾಗ್ತಾ ಸಾಗ್ತಾ ಅಡುಗೆ ಮುಂದುವರಿಯುತ್ತೆ. ಹತ್ತಾರು ಕಿ.ಮೀ. ದೂರದ ಹೊಲದ ಮೇಲೆ ಓಝೋನ್ ಸಿಟಿಗಿಂತ ಜಾಸ್ತಿ ಆಗಬಹುದು. ಜೊತೆಗೆ ನಮ್ಮದೇ ಪಾಲೂ ಇದೆ. ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಲಾರಿಗಳು ನರಗುಂದದ ಮೂಲಕವೇ ಹೋಗ್ತವೆ. ಹೊಲದಲ್ಲಿ ಕಸ, ಕಟಗಿ ಸುಡ್ತೀವಿ. ಯೂರಿಯಾ ಹಾಕಿದ ನೆಲ ಹಸಿಯಾದಾಗ ಮಣ್ಣಿನ ಸೂಕ್ಷ್ಮಜೀವಿಗಳೂ ನೈಟ್ರಿಕ್ ಆಕ್ಸೈಡ್ ಬಿಡ್ತವೆ. ನೈಟ್ರೋಜನ್ ಆಕ್ಸೈಡ್ ಕಡಿಮೆ ಇರೋ ಹಳ್ಳಿ ಗಾಳಿಯಲ್ಲಿ ಇದು ಸ್ವಲ್ಪ ಹೆಚ್ಚಾದ್ರೂ ಓಝೋನ್ ಏರುತ್ತೆ.

ಗಮನಿಸಿ, ಈ ಕಥೆಯಲ್ಲಿ ಮೊದಲ ಸಾಕ್ಷಿ ಹೇಳಿದ್ದೇ ಬೆಳೆ. 1940ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತ ಸೊಪ್ಪು ತರಕಾರಿಯ ಎಲೆಗಳು ಹಾಳಾಗ್ತಿದ್ವು. ಅದರ ಬೆನ್ನು ಹತ್ತಿದ ರಸಾಯನಶಾಸ್ತ್ರಜ್ಞ ಆರಿ ಹಾಗೆನ್-ಸ್ಮಿತ್, ವಾಹನದ ಹೊಗೆ ಮತ್ತು ಬಿಸಿಲು ಸೇರಿ ಓಝೋನ್ ಆಗುತ್ತೆ ಅಂತ 1950ರ ದಶಕದ ಆರಂಭದಲ್ಲಿ ತೋರಿಸಿದ್ರು.

ಎಲೆಯ ಸಣ್ಣ ರಂಧ್ರಗಳಿಂದ ಓಝೋನ್ ಒಳಗೆ ಹೋಗಿ ಆಹಾರ ತಯಾರಿಸೋ ಶಕ್ತಿಯನ್ನೇ ಕುಗ್ಗಿಸುತ್ತೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಲೆಕ್ಕ ಕೇಳಿ. 2005ರಲ್ಲಿ ಓಝೋನ್‌ನಿಂದ ದೇಶ ಕಳೆದುಕೊಂಡದ್ದು ಸುಮಾರು 35 ಲಕ್ಷ ಟನ್ ಗೋಧಿ, 21 ಲಕ್ಷ ಟನ್ ಅಕ್ಕಿ. ಹತ್ತಿಯಲ್ಲಿ ನಷ್ಟ ಶೇ. 5ಕ್ಕಿಂತ ಹೆಚ್ಚು. ಇದು ಇಡೀ ದೇಶದ ಅಂದಾಜು, ಕಾಕಾನ ಹೊಲದ್ದಲ್ಲ. ಆದರೆ ಅವರು ಬೆಳೆಯೋದು ಹತ್ತಿ. ಇಳುವರಿ ಕಮ್ಮಿ ಆದ್ರೆ ಅವರು ಬೀಜವನ್ನ ಬೈತಾರೆ, ಮಳೆಯನ್ನ ಬೈತಾರೆ. ಗಾಳಿಯನ್ನ ಯಾರೂ ಬೈಯಲ್ಲ, ಯಾಕಂದ್ರೆ ಅದು ಕಾಣಲ್ಲ.

ಅಳೆದರೆ ಕಾಣುತ್ತೆ. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಓಝೋನ್ 8 ಗಂಟೆಯ ಸರಾಸರಿಯಲ್ಲಿ ಘನ ಮೀಟರ್‌ಗೆ 100 ಮೈಕ್ರೋಗ್ರಾಂ, 1 ಗಂಟೆಯಲ್ಲಿ 180 ದಾಟಬಾರದು. ಆ ಮಾನದಂಡ ಗ್ರಾಮೀಣ ಪ್ರದೇಶಕ್ಕೂ ಅನ್ವಯ ಅಂತ ಅದರಲ್ಲೇ ಬರೆದಿದೆ. ಆದರೆ ಅಳೆಯೋ ಯಂತ್ರಗಳು ಹೆಚ್ಚಾಗಿ ನಗರಗಳಲ್ಲೇ ಇವೆ. ರೋಣದ ಹೊಲದಲ್ಲಿ ನಿಂತು ಆ್ಯಪ್ ನೋಡಿದ್ರೆ ಕಾಣೋದು ಸಾಮಾನ್ಯವಾಗಿ ದೂರದ ಕೇಂದ್ರದ ಅಂಕಿ ಅಥವಾ ಕಂಪ್ಯೂಟರ್ ಅಂದಾಜು. ನಾನು ನೋಡಿದ್ದೂ ಅಂಥದ್ದೇ ಇರಬೇಕು. ನಿಯಮ ಹಳ್ಳಿಗೆ ಬಂದಿದೆ, ಮೀಟರ್ ಬಂದಿಲ್ಲ. ಕೇಳಬೇಕಾಗಿರೋದು ಅದನ್ನೇ.

ಅಲ್ಲಿವರೆಗೆ ಒಂದು ಮಾತು. ಪೊಲೀಸ್, ಸೇನೆ ಭರ್ತಿಗೆ ಓಟದ ಪ್ರಾಕ್ಟೀಸ್ ಮಾಡೋರು ಬೇಸಿಗೆಯಲ್ಲಿ ಮಧ್ಯಾಹ್ನ ಓಡಬೇಡಿ, ಬೆಳಗ್ಗೆ ಓಡಿ. ಓಝೋನ್ ಏರೋದು ಬಿಸಿಲಿನ ಜೊತೆಗೆ. ಹೊಲದ ಕಸ ಸುಡೋ ಬದಲು ಗೊಬ್ಬರ ಮಾಡೋಕಾಗುತ್ತಾ ಅಂತ ಮನೆಯಲ್ಲಿ ಮಾತಾಡಿ.

ಕಾಕಾಗೆ ಇದನ್ನೆಲ್ಲ ಫೋನಲ್ಲಿ ಹೇಳಿದೆ. ಪೂರ್ತಿ ಕೇಳಿಸ್ಕೊಂಡು, "ಹಂಗಾದ್ರ ಆ ಮಷೀನ್ ನಮ್ಮೂರಿಗೆ ಯಾವಾಗ ತರ್ತಾರ, ಅದನ್ನ ಕೇಳು" ಅಂದ್ರು. ಕೇಳ್ತಾ ಇದ್ದೀನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.