ತೋಟಾದ ಹಿತ್ತಾಳೆ: ಕಪ್ಪು, ಕಿಲುಬು, ಬಿರುಕು

ಹೈದರಾಬಾದಿನ ಅಬಿಡ್ಸ್ ಪೇಟೆಗೆ ಆ ಹೆಸರು ಬಂದುದು, ಆರನೆಯ ನಿಜಾಮರಾದ ಮಹಬೂಬ್ ಅಲೀ ಖಾನರ ಸೇವೆಯಲ್ಲಿದ್ದು ಅಲ್ಲಿ ಅಂಗಡಿಯನ್ನು ನಡೆಸಿದ ಆಲ್ಬರ್ಟ್ ಅಬಿಡನಿಂದ. ಅದರ ಮಗ್ಗುಲಿನ ಗನ್‌ಫೌಂಡ್ರಿಯಾದರೋ, ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರೆಂಚ್ ಸೇನಾನಿ ರೇಮಂಡನು ನಿಜಾಮರ ಸೈನ್ಯಕ್ಕಾಗಿ ತೋಪುಗಳನ್ನು ಎರಕ ಹೊಯ್ಯಿಸಿದ ಸ್ಥಳ. ಹುಲಿಬೇಟೆಗೆ ಹೆಸರಾಗಿದ್ದ ಮಹಬೂಬ್ ಅಲೀ ಖಾನರು ಪಟ್ಟದಲ್ಲಿದ್ದ 1869ರಿಂದ 1911ರವರೆಗಿನ ಅವಧಿಯಲ್ಲಿಯೇ ಹಿತ್ತಾಳೆಯ ತೋಟಾ ಜಗತ್ತಿನ ಸೇನೆಗಳಲ್ಲಿಯೂ ಬೇಟೆಗಾರರಲ್ಲಿಯೂ ರೂಢವಾಯಿತು. ಆ ಕಾಲದ ಖಾಲಿ ತೋಟಾವೊಂದು ಕೈಗೆ ಸಿಕ್ಕಿದವರು ಕೂಡಲೇ ಅದನ್ನು ತಿಕ್ಕಿ ಬೆಳಗಲು ತೊಡಗುವುದುಂಟು. ಆದರೆ ತಿಕ್ಕುವ ಮುನ್ನ ಅದರ ಬಣ್ಣವನ್ನು ಪರೀಕ್ಷಿಸುವುದು ಅವಶ್ಯಕ.

ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು. ಗಾಳಿಯಲ್ಲಿನ ಆಮ್ಲಜನಕವೂ ಗಂಧಕದ ಅಂಶವೂ ತಾಮ್ರದೊಡನೆ ಕೂಡಿ ಉಂಟುಮಾಡುವ ಕಂದು ಛಾಯೆ ಒಂದು ತೆಳುವಾದ ಪೊರೆ ಮಾತ್ರ. ಅದರಿಂದ ಒಳಗಿನ ಲೋಹಕ್ಕೆ ಹಾನಿಯಿಲ್ಲ. ಹಸುರು ಕಿಲುಬಿನ ಸ್ವಭಾವ ಬೇರೆ. ಚರ್ಮದ ಬೇಟೆಪಟ್ಟಿಯಲ್ಲಿ ವರ್ಷಗಟ್ಟಲೆ ಸಿಕ್ಕಿಸಿಟ್ಟ ತೋಟಾಗಳನ್ನು ಹೊರಗೆಳೆದು ನೋಡಿದರೆ, ಚರ್ಮದ ಆಮ್ಲವೂ ಮಳೆಗಾಲದ ತೇವವೂ ಸೇರಿ, ಪಟ್ಟಿ ತಾಗಿದ ಭಾಗದಲ್ಲೆಲ್ಲ ಬಳೆಯಂತೆ ಕಿಲುಬು ಕಟ್ಟಿರುವುದು ಕಾಣುತ್ತದೆ. ಒರೆಸಿದ ಮೇಲೆ ಅಡಿಯಲ್ಲಿ ಸಣ್ಣ ಗುಳಿಗಳಿದ್ದರೆ ಲೋಹ ಸವೆದಿದೆಯೆಂದೇ ಅರ್ಥ. ಹಳದಿಯ ನಡುವೆ ತಾನಾಗಿ ಮೂಡಿದ ನಸುಗೆಂಪು ಕಲೆ, ಸತುವು ಕರಗಿಹೋಗಿ ದುರ್ಬಲವಾದ ತಾಮ್ರವಷ್ಟೇ ಉಳಿದಿರುವುದರ ಚಿಹ್ನೆಯಾಗಿರಬಹುದು.

ಇವೆಲ್ಲಕ್ಕಿಂತ ಭಯಂಕರವಾದ ದೋಷವು ಪತ್ತೆಯಾದುದು ನಮ್ಮ ದೇಶದಲ್ಲಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸೇನೆಯವರು ಮಳೆಗಾಲ ಮುಗಿಯುವವರೆಗೆ ಕುದುರೆಲಾಯಗಳಲ್ಲಿ ದಾಸ್ತಾನಿಟ್ಟ ತೋಟಾಗಳು, ಯಾರೂ ಮುಟ್ಟದೆ, ಯಾವ ಪೆಟ್ಟೂ ಬೀಳದೆ, ಗುಂಡನ್ನು ಅದುಮಿ ಹಿಡಿದ ಕತ್ತಿನ ಬಳಿ ಸೀಳಿಹೋಗುತ್ತಿದ್ದವು. ಋತುವಿನೊಡನೆ ಬರುತ್ತಿದ್ದುದರಿಂದ ಇದಕ್ಕೆ ‘ಋತುವಿನ ಬಿರುಕು’ ಎಂದೇ ಹೆಸರಾಯಿತು. ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ವಿಜ್ಞಾನಿಗಳು 1921ರಲ್ಲಿ ಇದರ ಕಾರಣವನ್ನು ವಿವರಿಸಿದರು: ಕುದುರೆಗಳ ಮೂತ್ರದಿಂದ ಏಳುವ ಅಮೋನಿಯ ತೇವದಲ್ಲಿ ಕರಗಿ ತಾಮ್ರದ ಮೇಲೆ ಎರಗುತ್ತಿತ್ತು, ತಗಡನ್ನು ಎಳೆದು ಅದುಮಿ ರೂಪಿಸುವಾಗ ಲೋಹದೊಳಗೆ ಉಳಿದುಕೊಂಡಿದ್ದ ಬಿಗಿತವು, ಅಮೋನಿಯ ಕೊರೆದ ಗೀರನ್ನು ಬಿರುಕಾಗಿ ಹಿಗ್ಗಿಸುತ್ತಿತ್ತು. ರೂಪುಗೊಂಡ ಹಿತ್ತಾಳೆಯನ್ನು ಹದವಾಗಿ ಕಾಯಿಸಿ ಆ ಬಿಗಿತವನ್ನು ಸಡಿಲಿಸುವುದೇ ಪರಿಹಾರವಾಯಿತು. ಮನುಷ್ಯನ ಕಣ್ಣಿಗೆ ಬೀಳದ ಒತ್ತಡವೊಂದು, ಮೂಗಿಗೆ ಮಾತ್ರ ತಿಳಿಯುವ ಅನಿಲವೊಂದು, ಇವೆರಡೂ ಕೂಡಿ ಲೋಹವನ್ನು ಸೀಳುವ ಈ ಸಂಗತಿ ಲೋಹಶಾಸ್ತ್ರದಲ್ಲಿಯೇ ಅತ್ಯಂತ ವಿಸ್ಮಯಕರವಾದುದೆಂದು ನನ್ನ ಭಾವನೆ.

ಆದುದರಿಂದಲೇ ಅಮೋನಿಯ ಬೆರೆತ ಪಾಲಿಶಿನಿಂದ ತೋಟಾವನ್ನು ಬೆಳಗಬಾರದು. ಕಲಾಯಿಯವರು ಬಳಸುವ ನವಸಾಗರದ ಹೊಗೆಯೂ ಅದಕ್ಕೆ ತಾಗಬಾರದು. ಮದ್ದುಗುಂಡು ತುಂಬಿದ ಜೀವಂತ ತೋಟಾವನ್ನಂತೂ ತೊಳೆಯುವ, ಕಾಯಿಸುವ ಸಾಹಸ ಕೂಡದು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಅದಕ್ಕೆ ಪರವಾನಗಿ ಬೇಕಾದುದರಿಂದ, ಅಂತಹುದು ಸಿಕ್ಕಿದರೆ ಮುಟ್ಟದೆ ಪೊಲೀಸರಿಗೆ ತಿಳಿಸುವುದೇ ಸರಿ. ಖಾಲಿ ತೋಟಾಕ್ಕೆ ನಮ್ಮ ಅಡುಗೆಮನೆಯ ಹುಣಸೆಹಣ್ಣೇ ಸಾಕು. ಬಿಸಿನೀರು ಸಾಬೂನಿನಿಂದ ಜಿಡ್ಡು ತೆಗೆದು, ಹುಣಸೆಹಣ್ಣು ಕಿವುಚಿದ ನೀರಿನಲ್ಲಿ ಕೆಲವೇ ನಿಮಿಷ ಇಟ್ಟು, ಮೆತ್ತನೆಯ ಬಟ್ಟೆಯಿಂದ ಉಜ್ಜಿ, ಹುಳಿಯ ಅಂಶ ಉಳಿಯದಂತೆ ತೊಳೆಯಬೇಕು. ಹೆಚ್ಚು ಹೊತ್ತು ನೆನೆದರೆ ಹುಳಿಯೇ ಸತುವನ್ನು ತಿಂದು ಮೈ ನಸುಗೆಂಪಾಗುತ್ತದೆ. ಸಿಡಿದ ತೋಟಾದ ಒಳಗಿನ ಮಸಿಯಲ್ಲಿ ಸೀಸದ ಅಂಶ ಇರುವುದುಂಟಾದ್ದರಿಂದ ಅಡುಗೆಯ ಪಾತ್ರೆ ಬಳಸದೆ, ಕೆಲಸ ಮುಗಿದೊಡನೆ ಕೈ ತೊಳೆದುಕೊಳ್ಳಬೇಕು.

ನೀರಿನ ಪಸೆ ಪೂರ್ತಿ ಆರಿದ ಬಳಿಕ ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಚರ್ಮದ ಚೀಲದಲ್ಲಿ ಇಡದೆ ಗಾಜಿನ ಭರಣಿಯಲ್ಲಿ ಇಡುವುದು ಉತ್ತಮ. ಮಳೆಗಾಲ ಕಳೆದ ಮೇಲೆ ಒಮ್ಮೆ ತೆಗೆದು, ಕತ್ತಿನ ಸುತ್ತಲೂ ಭೂತಗನ್ನಡಿಯಲ್ಲಿ ನೋಡಿ, ಕೂದಲೆಳೆಯಷ್ಟು ಗೀರು ಕಂಡುದನ್ನು ಬೇರೆಯಾಗಿಡಬೇಕು.