ಮುಚ್ಚಳದೊಳಗಿನ ಸತ್ಯ

ಸುಳ್ಯದ ಅಡಿಕೆ ತೋಟದಲ್ಲಿ ದುಡಿದ ಅಪ್ಪ ಬಿಟ್ಟುಹೋದ ಎಚ್‌ಎಂಟಿ ಜನತಾ ವಾಚನ್ನು ಕಡಬದ ಬಂಧುವೊಬ್ಬರು ಒಳ್ಳೆಯ ಬೆಲೆಗೆ ಕೇಳಿದರು. ‘ಯಂತ್ರ ಅಸಲಿಯಾಗಿರಬೇಕು’ ಎಂಬುದೊಂದೇ ಷರತ್ತು.

ಪುತ್ತೂರಿನ ಹಿರಿಯ ರಿಪೇರಿಗಾರರು ಮುಚ್ಚಳ ತೆರೆದು ಭೂತಗನ್ನಡಿ ಹಿಡಿದರು. ಎಚ್‌ಎಂಟಿ ಮುದ್ರೆಯಿತ್ತು, 17 ಕಲ್ಲುಗಳಿದ್ದವು. ಆದರೆ ಸಮತೋಲನ ಚಕ್ರದ ಹೊಳಪು ಉಳಿದ ಭಾಗಗಳ ಸವೆತಕ್ಕೆ ಹೊಂದುತ್ತಿರಲಿಲ್ಲ. ‘ಇದು ಇನ್ನೊಂದು ಜನತಾದಿಂದ ಬಂದದ್ದು’ ಎಂದರು.

ಜಪಾನಿನ ಸಿಟಿಜನ್ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿದ ವಾಚು ಉದ್ಯಮವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಕಾರ್ಖಾನೆಯೇ ಇಲ್ಲದ ಮೇಲೆ ಒಂದು ವಾಚು ಬದುಕಲು ಇನ್ನೊಂದರ ಅಂಗ ಬೇಕಾಗುವುದು ಸಹಜ. ದುರಸ್ತಿ ಮೋಸವಲ್ಲ, ಅದನ್ನು ಮರೆಮಾಚಿ ಮಾರುವುದು ಮೋಸ.

ಬಂಧುವಿಗೆ ಇದ್ದುದನ್ನು ಇದ್ದಂತೆ ತಿಳಿಸಿದೆ. ವ್ಯವಹಾರ ಮುರಿಯಿತು. ನಿತ್ಯ ಬೆಳಿಗ್ಗೆ ಕೀಲಿ ತಿರುಗಿಸುವ ಹೊಣೆ ಈಗ ನನ್ನದು.